ಎಣ್ಣೆಬಣ್ಣದ ಬಾಣ

ಗಾದಿಲಿಂಗಪ್ಪನವರು ಫೋನಿನಲ್ಲಿ ಹೇಳಿದ್ದು ಇಷ್ಟೇ:
‘ಹಳೇ ಹೆಸರಿಗೆ ಬಂದೋರ್ನೆಲ್ಲ ಹೊಸದಕ್ಕೆ ಕಳಿಸಮ್ಮ.
ಒಬ್ರೂ ತಪ್ಪಬಾರ್ದು.’

ಎರಡೇ ಅಕ್ಷರದ ಕೆಲಸ.
ಇಂಗ್ಲಿಷಿನ ಊರಿಗೆ ನಡುವಿನ ಇ ಹೋಗಿ ಎ ಬಂತು,
ಬಾಲದ ವೈ ಉದುರಿ ಐ ನಿಂತಿತು.
ಸರ್ಕಾರದ ಬೋರ್ಡುಗಳೆಲ್ಲ ಬದಲಾಗಿ ಎಷ್ಟೋ ವರ್ಷ;
ನಮ್ಮ ಜೀನ್ಸ್ ಅಂಗಡಿಯ ವೆಬ್‌ಸೈಟು ಮಾತ್ರ
ಇನ್ನೂ ಆ ವೈ ಹಿಡಿದು ಜೋತಾಡುತ್ತಿತ್ತು,
ರೈಲ್ವೆ ಟಿಕೆಟ್ಟಿನ ಮೂರಕ್ಷರದಲ್ಲಿ
ಇವತ್ತಿಗೂ ಜೋತಾಡುವ ಹಾಗೆ.

ರಾತ್ರಿ ಹನ್ನೊಂದೂವರೆ. ಕೌಲ್ ಬಜಾರಿನ ಮಹಡಿ ಕೋಣೆ.
ಕೆಳಗೆ ತೊಳೆಯುವ ಯಂತ್ರ ನಿಂತಿದೆ, ನೀಲಿ ನೀರು
ಮೋರಿಯಲ್ಲಿ ಇನ್ನೂ ಗುಳುಗುಳು.
ಪರದೆಯ ಮೇಲೆ ಲೋಡ್ ಬ್ಯಾಲೆನ್ಸರು.
ಅದೇನೆಂದು ಅಮ್ಮ ಕೇಳಿದಾಗ ಹೇಳಿದ್ದೆ:
ನಮ್ಮ ಗೇಟಿನ ಯರ್ರಿಸ್ವಾಮಿ, ಅಷ್ಟೇ.
ಲಾರಿ ಬಂದರೆ ಒಂದು ಗಂಟು ಈ ಶೆಡ್ಡಿಗೆ, ಒಂದು ಆ ಶೆಡ್ಡಿಗೆ,
ಒಂದರ ಕರೆಂಟು ಹೋದರೆ ಎರಡೂ ಇನ್ನೊಂದಕ್ಕೆ.
ಯಾರಾದರೂ ಹಳೇ ಅಂಗಡಿ ಕೇಳಿಕೊಂಡು ಬಂದರೆ
ಒಳಗಿನವರ ಹೊಲಿಗೆ ನಿಲ್ಲಿಸುವುದಿಲ್ಲ ಅವನು;
ಕುರ್ಚಿಯಿಂದ ಏಳದೆ, ಬೀಡಿಯಲ್ಲೇ ತೋರಿಸುತ್ತಾನೆ:
‘ಇಲ್ಲಿಲ್ಲ, ಅಲ್ಲಿ. ಹೋಗ್ರಿ.’

ಆ ‘ಹೋಗ್ರಿ’ಯನ್ನೇ ನಾನೀಗ ಬರೆಯಬೇಕು.
ನಿಯಮದ ಕೆಳಗೆ ಒಂದು ಪ್ರಶ್ನೆ ಮಿನುಗುತ್ತದೆ:
ತಾತ್ಕಾಲಿಕವೋ, ಖಾಯಮ್ಮೋ?
ಮುನ್ನೂರ ಎರಡೋ, ಮುನ್ನೂರ ಒಂದೋ?

ಇದನ್ನೇ ಕೇಳುತ್ತಿದ್ದ ಪೇಂಟರ್ ಹುಸೇನಪ್ಪ.
ಅಂಗಡಿ ಎತ್ತಿದವರ ಹಳೇ ಬಾಗಿಲ ಮೇಲೆ
ಬಾಣ ಬರೆದರೆ ಅವನೇ ಬರೆಯಬೇಕು.
ಏಣಿ ಹತ್ತುವ ಮುಂಚೆ, ಕಿವಿ ಮೇಲಿನ ಬ್ರಷ್ಷು ಇಳಿಸದೆ:
‘ಸುಣ್ಣದಾಗ ಬರೀಲೋ, ಎಣ್ಣಿ ಬಣ್ಣದಾಗೋ?
ಸುಣ್ಣ ಆದ್ರ ಮೂವತ್ತು ರೂಪಾಯಿ,
ಮನಸು ಬದಲಾದ್ರ ಒದ್ದಿ ಬಟ್ಟಿ ಸಾಕು.
ಎಣ್ಣಿ ಬಣ್ಣ ಆದ್ರ, ನಾನೇ ಬಂದ್ರೂ ಅಳಿಸಂಗಿಲ್ಲ.’

ಒಮ್ಮೆ ಅವನೇ ತಪ್ಪಿದ. ಮೋತಿ ಸರ್ಕಲ್ಲಿನ ಹತ್ತಿರ
ಅಣ್ಣನ ಅಂಗಡಿಯ ಬಾಣ ತಮ್ಮನ ಕಡೆ,
ತಮ್ಮನ ಅಂಗಡಿಯ ಬಾಣ ಅಣ್ಣನ ಕಡೆ.
ಕುರುಗೋಡಿನಿಂದ ಬಂದ ಬೀಗರೊಬ್ಬರು
ಮದುವೆ ಪ್ಯಾಂಟಿಗಾಗಿ ನಾಲ್ಕು ಸುತ್ತು ಹೊಡೆದು
ಕೊನೆಗೆ ಪಂಚೆ ಕೊಂಡು ಬಸ್ಸು ಹತ್ತಿದರಂತೆ.

ನನ್ನದೂ ಅದೇ ಆಯಿತು ಒಂದು ಗಳಿಗೆ.
ಬೀಗವಿಲ್ಲದ ಎಂಬತ್ತನೇ ಬಾಗಿಲಿಂದ
ಬೀಗವಿರುವ ನಾನೂರ ನಲವತ್ತಮೂರಕ್ಕೆ ಕಳಿಸಿದೆ;
ಒಳಗಿನ ಸರ್ವರು, ಹಳೇ ಅಭ್ಯಾಸ, ಮರಳಿ ಎಂಬತ್ತಕ್ಕೆ ಅಟ್ಟಿತು.
ಬ್ರೌಸರು ಇಪ್ಪತ್ತು ಸಲ ಅಡ್ಡಾಡಿ
ಕೈಚೆಲ್ಲಿ ಕೂತಿತು: ತೀರಾ ಸುತ್ತಿಸಿದಿರಿ ನನ್ನ.

ತಿದ್ದಿದೆ. ಮೂರು ದಿನ ಸುಣ್ಣದಲ್ಲೇ ಬಿಟ್ಟೆ.
ಬಂದವರ ಕೈಯ ಚೀಟಿ ಹಾಗೇ ಇರಬೇಕು,
ಯಾವ ಪುಟ, ಯಾವ ಬಣ್ಣ, ಸೊಂಟ ಮೂವತ್ತನಾಲ್ಕು.
ಬಾಗಿಲಷ್ಟೇ ಬೇರೆ; ಬಯಸಿ ಬಂದದ್ದು ಅದೇ.

ಇವತ್ತು ಎಣ್ಣೆಬಣ್ಣ.
ಕೈ ತಡೆಯಿತು ಯಾಕೋ.
ಖಾಯಂ ಅಂದರೆ ಗೂಗಲ್ಲಿಗೆ ಒಳ್ಳೆಯದು, ನಿಜ.
ಆದರೆ ಖಾಯಂ ಅಂದರೆ, ಬಂದವರು ಇನ್ನೊಮ್ಮೆ ಕೇಳುವುದಿಲ್ಲ.
ಬ್ರೌಸರು ನೆನಪಿಟ್ಟುಕೊಳ್ಳುತ್ತದೆ,
ಹಳೇ ಬಾಗಿಲಿಗೆ ಮುಖವನ್ನೂ ತೋರಿಸದೆ
ನೇರ ಹೊಸದಕ್ಕೆ ನಡೆಯುತ್ತದೆ.
ಗೇಟಿನವನಿಗೆ ಒಂದು ನಮಸ್ಕಾರವೂ ಇಲ್ಲ.
ನಾಳೆ ನಾನು ತಪ್ಪು ಎಂದು ಕೂಗಿದರೂ
ಹೋದವರ ಕಿವಿಗೆ ಬೀಳುವುದಿಲ್ಲ.

ಒತ್ತಿದೆ.

ವಾರವಿಡೀ ಲಾಗ್ ನೋಡಿದೆ. ಆದೋನಿಯ ಒಬ್ಬರು, ಸೋಲಾಪುರದ ಇಬ್ಬರು,
ಹಳೇ ಕದ ತಟ್ಟಿ, ಬಾಣ ನೋಡಿ, ಹೋದರು.
ದಿನದಿಂದ ದಿನಕ್ಕೆ ಸಾಲು ತೆಳು.
ಇದಕ್ಕೇ ಅಲ್ಲವೇ ಸಂಬಳ, ಅಂದುಕೊಂಡೆ.

ಇಳಿದು ಬರುವಾಗ ಯರ್ರಿಸ್ವಾಮಿ ಗೇಟಿನಲ್ಲಿದ್ದ.
ಊರ ಹೆಸರು ಬದಲಿಸಿ ಮುಗಿಸಿದೆ ಕಣಪ್ಪ, ಅಂದೆ.
‘ಏನಂತ ಇಟ್ಟಿ?’
‘ಬಳ್ಳಾರಿ.’
‘ಮೊದ್ಲೇನಿತ್ತು?’
‘ಬಳ್ಳಾರಿ.’
ಅವನು ನನ್ನ ಮುಖ ನೋಡಿದ, ಬೀಡಿ ಹೊತ್ತಿಸಿದ,
ಆಗಷ್ಟೇ ಬಂದ ಲಾರಿಗೆ ಗೇಟು ತೆಗೆದ.