ಬೆಂಚಿಗೆ ಕೈ

ಆದೇಶದ ಹಾಳೆಯಲ್ಲಿ ಇದ್ದದ್ದು ಇಷ್ಟೇ:
ಸರೋವರದ ದಂಡೆಯ ಹನ್ನೊಂದು ಬೆಂಚಿಗೆ
ಎರಡೆರಡು ಕಬ್ಬಿಣದ ಕೈ.
ಕಾರಣ: ವಯಸ್ಸಾದವರು ಏಳುವಾಗ ಊರಿಕೊಳ್ಳಲು.

ಜ್ಯೂರಿಕ್ ಸುಳ್ಳು ಹೇಳುವ ಊರಲ್ಲ.
ಟ್ರಾಮು ಏಳು ಹದಿನಾಲ್ಕಕ್ಕೆಂದರೆ ಏಳು ಹದಿನಾಲ್ಕಕ್ಕೇ.
ಹಂಸಗಳೂ ಇಲ್ಲಿ ಲೆಕ್ಕದಲ್ಲಿವೆ.
ನಾನು ಅಡೆಲೀನು, ಪೋರ್ಚುಗಲ್ಲಿನವನು.
‘ಯಾಕೆ’ ಎಂದು ಕೇಳುವಷ್ಟು ಸಂಬಳ ನನಗಿಲ್ಲ.

ಏಳನೆಯ ಬೆಂಚಿನಲ್ಲಿ ಅವಳಿದ್ದಳು.
ಇಸ್ತ್ರಿ ಮಾಡಿದಂಥ ಕೋಟು, ತೊಡೆಯ ಮೇಲೆ ನಿನ್ನೆಯ ಪೇಪರು,
ಮುತ್ತಿನ ಓಲೆ, ಒಂದೇ ಕಿವಿಗೆ.
ಬಸ್ಸಿಗೆ ಕಾಯುವವಳು ಅಂದುಕೊಂಡೆ.
ಅಲ್ಲಿ ಬಸ್ಸು ಬರುವುದಿಲ್ಲ.

ಟೇಪಿನ ಇನ್ನೊಂದು ತುದಿ ಹಿಡಿಯಲೆ, ಎಂದಳು.
ಹಿಡಿದಳು. ನೂರ ಎಂಬತ್ತು.
‘ನಾನು ನೂರ ಅರವತ್ತನಾಲ್ಕು,’ ಅಂದಳು,
‘ತಲೆದಿಂಬಿಗೂ ಜಾಗ ಉಳಿಯುತ್ತಿತ್ತು.’

ಉರ್ಸಿನಾ. ಎದುರಿನ ಆ ಹೋಟೆಲಿಗೆ
ಇಪ್ಪತ್ತಾರು ವರ್ಷ ಪರದೆ ಹೊಲಿದವಳು.
ಅವಳಿದ್ದ ಕಟ್ಟಡಕ್ಕೆ ಹೊಸ ಕಿಟಕಿ ಬಂತು, ಲಿಫ್ಟು ಬಂತು,
ಹಳಬರು ಬಿಟ್ಟುಕೊಡಬೇಕೆಂಬ ಕಾಗದ ಬಂತು,
ನಯವಾದ ಕಾಗದ, ಕೊನೆಯಲ್ಲಿ ಶುಭ ಹಾರೈಕೆ.
ಕೆಲಸ ಕೇಳಿದರೆ ವಿಳಾಸ ಕೇಳಿದರು,
ಮನೆ ಕೇಳಿದರೆ ಸಂಬಳದ ಚೀಟಿ.
ಮಗಳಿಗೆ ಹೇಳಿಲ್ಲ. ‘ಅವಳ ಮನೆ ಚಿಕ್ಕದು.’
ಸ್ವಲ್ಪ ತಡೆದು, ‘ಅಷ್ಟೇನೂ ಚಿಕ್ಕದಲ್ಲ.’

ನಾನು ಕೊರೆದೆ.
ಮರದ ಹೊಟ್ಟು ಅವಳ ಕೋಟಿನ ಮೇಲೆ ಕೂತಿತು, ಕೊಡವಿಕೊಂಡಳು.
ಒಂದು ಬೋಲ್ಟು ಸಡಿಲ ಬಿಟ್ಟೆ ಅಂತ ಹೇಳಿಕೊಳ್ಳಬಹುದಿತ್ತು.
ಬಿಡಲಿಲ್ಲ. ಸಂಜೆ ಮೇಸ್ತ್ರಿ ಲೀನ್‌ಹಾರ್ಟ್
ಒಂದೊಂದನ್ನೂ ಅಲುಗಾಡಿಸಿ ನೋಡುತ್ತಾನೆ.
ಅವನಿಗಿಂತ ಮೊದಲು ಅವಳೇ ನೋಡಿದಳು:
‘ಗಟ್ಟಿಯಾಗಿದೆ. ಒಳ್ಳೆ ಕೆಲಸ.’

ಅಷ್ಟರಲ್ಲಿ ಕೋಲಿನ ಮುದುಕನೊಬ್ಬ ಬಂದು ಕೂತ,
ಹೊಸ ಕೈ ಊರಿ ಎದ್ದ,
ನನ್ನ ಕಡೆ ತಿರುಗಿ ಟೋಪಿ ಎತ್ತಿದ.
ಹಾಳೆ ಸುಳ್ಳು ಹೇಳಿರಲಿಲ್ಲ.

ಏನು ಮಾಡಿದೆ ಇವತ್ತು, ಹೆಂಡತಿ ಕೇಳಿದಳು.
ಬೆಂಚಿಗೆ ಕೈ ಕೊಟ್ಟೆ, ಎನ್ನಲು ಹೋದೆ.
ಬೆಂಚಿಗಲ್ಲ ಅನ್ನಿಸಿ
ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು.

ಮರುದಿನ ಐದೂವರೆಯ ಟ್ರಾಮಿನಿಂದ ಕಂಡಳು:
ನೆಟ್ಟಗೆ ಕೂತು ನಿದ್ದೆ,
ಎರಡು ಕೈ ಆ ಎರಡು ಕೈಗಳ ಮೇಲೆ,
ಯಾವುದೋ ಕಚೇರಿಯಲ್ಲಿ
ಹೆಸರು ಕೂಗಲೆಂದು ಕಾಯುವವರ ಹಾಗೆ.