ಉಪ್ಪಿಗೆ ಕಾದವಳು

ಹಾದ್ಕೊ ಒಂದಕ್ಕೆಂದು ಗುಡಾರದಾಚೆ ಹೋದರೆ
ಸೊಂಟಪಟ್ಟಿಯ ಕರಡಿಹಲ್ಲು ಒಮ್ಮೆ ಕಿಣಿ ಅನ್ನುವುದು,
ಹಿಮದ ಮೇಲೆ ಸುರ್ರೆಂದು ಸದ್ದು, ಮತ್ತೊಮ್ಮೆ ಕಿಣಿ.
ಅಷ್ಟೇ. ಅಷ್ಟರಲ್ಲಿ ಚಹಾ ಆರುತ್ತಿರಲಿಲ್ಲ.

ಆ ಸದ್ದಿಗೆ ಓಡಿ ಬರುವವಳು ಇನ್ನೊಬ್ಬಳಿದ್ದಳು:
ತಾಯಿ ಸತ್ತ ವಾರ ಮೀನಿನ ಸಾರು ನೆಕ್ಕಿಸಿ ನಾನು ಬದುಕಿಸಿದ
ಕಿವಿ ಹರಿದ ಹಿಮಸಾರಂಗ.
ಸಾಕಿದ ತಬ್ಬಲಿಗೆ ನಮ್ಮಲ್ಲಿ ಆವ್ಕಾ ಅನ್ನುತ್ತೇವೆ,
ಬೇರೆ ಹೆಸರಿಡಲಿಲ್ಲ.
ಕಲ್ಲುಹೂವು ತಿಂದು ತಿಂದು ಸಪ್ಪೆಯಾದ ನಾಲಿಗೆಗೆ
ನನ್ನ ಗಂಡನ ಮೈಯುಪ್ಪೇ ಹಬ್ಬ.
ಹಳದಿ ಹಿಮವನ್ನು ಪಾಚಿ ಕಾಣುವ ತನಕ ನೆಕ್ಕಿ
ಮೂತಿ ಒರೆಸಲು ಅವನ ಅಂಗಿಗೇ ಬರುತ್ತಿದ್ದಳು.

ಆ ಚಳಿಗಾಲ
ಕಿಣಿಗೂ ಕಿಣಿಗೂ ನಡುವೆ ಸದ್ದಿಲ್ಲ.
ಚಹಾ ಆರಿತು. ಮತ್ತೆ ಕಾಯಿಸಿದೆ. ಅದೂ ಆರಿತು.
‘ಏನ್ ಮಾಡ್ತಿದ್ದೀಯ ಅಲ್ಲಿ?’
‘ನಕ್ಷತ್ರ ನೋಡ್ತಿದ್ದೀನಿ.’
ಮೋಡ ಕವಿದ ರಾತ್ರಿ ಅದು.
ಆವ್ಕಾ ಅವನ ಕಾಲ ಬಳಿ ನಿಂತೇ ಇದ್ದಳು,
ಸಾಲ ಕೇಳಲು ಬಂದ ನೆಂಟರ ಹಾಗೆ, ಏನೂ ಕೇಳದೆ.

ಬೆಳಗ್ಗೆ ಹೊಕ್ಕುಳ ಕೆಳಗೆ ಕೈಯಿಟ್ಟೆ.
ಗಟ್ಟಿ, ದುಂಡಗೆ.
ಐದು ಹೆತ್ತವಳ ಅಂಗೈಗೆ ಬೇರೆ ಹೇಳಬೇಕೆ?
ಉಚ್ಚೆ ಕಟ್ಟಿತ್ತು.

ಹೆಲಿಕಾಪ್ಟರಿನಿಂದ ಇಳಿದ ನರ್ಸು ಜಿನೈದಾ
ಜಾರುಬಂಡಿಯ ಮೇಲಿನ ಇಬ್ಬನಿಯಲ್ಲಿ ಬೆರಳಿಂದ ಬರೆದಳು:
ಮೇಲೆ ಎರಡು ಹುರುಳಿಕಾಳು,
ಹಗಲೂ ರಾತ್ರಿ ರಕ್ತ ಸೋಸುತ್ತವೆ,
ಎರಡು ದಾರ, ಒಂದು ಚೀಲ,
ಚೀಲದ ಕತ್ತಿನಲ್ಲಿ ಒಂದು ಗಂಟು.
ವಯಸ್ಸಾದಂತೆ ಊದುತ್ತದೆ ಅಜ್ಜಿ, ಕೊಳವೆಯನ್ನು ಹಿಸುಕುತ್ತದೆ.
ನಮ್ಮ ಓಬ್ ನದಿ ನೆನಪಾಯಿತು, ವಸಂತದ ಓಬ್:
ಮೇಲೆ ಕರಗಿದ ನೀರು ನುಗ್ಗಿ ಬರುತ್ತದೆ,
ಬಾಯಲ್ಲಿನ್ನೂ ಮಂಜುಗಡ್ಡೆ.

ರಬ್ಬರ್ ನಳಿಕೆ ಒಳಗೆ ಹೋದಾಗ
ತೋಳಕ್ಕೆ ಹೆದರದ ಮನುಷ್ಯ ನನ್ನ ಹೆಬ್ಬೆರಳು ಕಚ್ಚಿದ.
ಆಮೇಲೆ ಬಂತು.
ಒಂದು ಕೆಟಲ್ ತುಂಬಿತು, ಇನ್ನೂ ಅರ್ಧ.
ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ,
ಕಣ್ಣಿನ ದಾರಿಯೂ ಅದೇ ಹೊತ್ತಿಗೆ ಬಿಟ್ಟಿತ್ತು.

ಆಪರೇಷನ್‌ಗೆ ಪಟ್ಟಣದಲ್ಲಿ ಸರದಿಯಿದೆ.
ಅಲ್ಲಿಯವರೆಗೆ ತೊಡೆಗೊಂದು ಚೀಲ.
ರಾತ್ರಿ ಅದನ್ನು ಹೊರಗೆ ಸುರಿಯುವವಳು ನಾನು.
ಈಗ ಅವನು ಒಳಗೆ, ಕಿವಿಗೊಟ್ಟು.
‘ಬಂದಳಾ?’
‘ಬಂದಳು.’
‘ನಕ್ಷತ್ರ ಇದಾವಾ?’
ತಲೆಯೆತ್ತಿ ನೋಡಿ ಹೇಳುವಷ್ಟರಲ್ಲಿ
ಆವ್ಕಾ ಮೂತಿ ಒರೆಸಲು
ನನ್ನ ಅಂಗಿಗೆ ಬಂದಳು.