ದಿನಾ ಮುಚ್ಚುವ ಕಿಂಡಿ

ಫೆಬ್ರವರಿ. ಪೈಪ್ಸಿ ಸರೋವರದ ಮೇಲೆ ಆರೂವರೆಯ ಕತ್ತಲು.
ನಿನ್ನೆ ಹಾರೆಯಲ್ಲಿ ಒಡೆದ ಕಿಂಡಿ
ರಾತ್ರಿ ಕಳೆಯುವುದರೊಳಗೆ ಕೂಡಿಕೊಂಡಿದೆ,
ಮಾಯ್ದ ಗಾಯದ ಹಾಗೆ.
ಮೊದಮೊದಲು ಬೈಯುತ್ತಿದ್ದೆ.
ಈಗ ಇಲ್ಲ. ನೀರಿನ ಗುಣ ಅದು.
ನನ್ನದೂ ಅದೇ ಗುಣ.

ಎಸ್ಟೋನಿಯಾದ ಈ ದಂಡೆಯಲ್ಲಿ ನಮ್ಮ ಮಂದಿಗೆ
'ಹಳೇ ನಂಬಿಕೆಯವರು' ಎಂದು ಹೆಸರು.
ಎರಡು ಬೆರಳಲ್ಲಿ ಶಿಲುಬೆ ಹಾಕುತ್ತೇವೆ,
ಪಾದ್ರಿಯಿಲ್ಲ, ಈರುಳ್ಳಿ ಬೆಳೆಯುತ್ತೇವೆ.
ಹಳೆಯದಂತೆ! ನನ್ನದು ಒಂದು ರಾತ್ರಿಗೇ ಹಳಸುತ್ತದೆ.
ಬೆಳಗಾದರೆ ಒಲೆ ಹಚ್ಚಿ
ಮತ್ತೆ ಹೊಸದಾಗಿ ಬೇಯಿಸಿಕೊಳ್ಳಬೇಕು.

ಹನ್ನೊಂದು ವರ್ಷ ಒಲೆ ಹಚ್ಚಲಿಲ್ಲ ನಾನು.

ತಮ್ಮ ಜಿನೋವಿ ಹಿಮಬಂಡಿಯ ಸಮೇತ ಒಳಗೆ ಹೋದ.
ಮಾರ್ಚಿಯ ಮಧ್ಯಾಹ್ನ, ಚೆಂದದ ಬಿಸಿಲು.
'ಇನ್ನೂ ಗಟ್ಟಿಯಿದೆ, ಹೋಗಿ ಬಾ' ಅಂದವನು ನಾನೇ.
ಆ ಸಂಜೆಯೂ ಅವ್ವ ಉಸ್ತೀನ್ಯಾ
ಮೂಲೆಯ ಪಟಗಳ ಮುಂದೆ ನಿಂತಳು,
ಕೈಯೂರುವ ಪುಟ್ಟ ಮೆತ್ತೆ ನೆಲಕ್ಕೆ ಹಾಸಿ
ಬಾಗಿದಳು, ಎದ್ದಳು, ಬಾಗಿದಳು.
ನನಗೆ ಮೈ ಉರಿಯಿತು.
'ಯಾರ ಹತ್ತಿರ ಮಾತಾಡ್ತಿದ್ದೀ?'
'ಇವತ್ತು ಗೊತ್ತಾಗ್ತಿಲ್ಲ, ಸವ್ವಾ' ಅಂದಳು,
'ನಾಳೆ ಮತ್ತೆ ಕೇಳಿ ನೋಡ್ತೀನಿ.'

ಹಾಗೆ ಕೇಳುತ್ತಲೇ ಹೋದಳು, ಕಳೆದ ಆಗಸ್ಟಿನಲ್ಲಿ.
ಅವಳ ಜಪದ ಪಟ್ಟಿ ಅವಳ ಕೈಯಲ್ಲೇ ಮಣ್ಣು ಸೇರಿತು,
ಅದು ನಮ್ಮ ಪದ್ಧತಿ.
ನನ್ನದು ಸಿಕ್ಕಿದ್ದು ನವೆಂಬರಿನಲ್ಲಿ,
ಅಟ್ಟದ ಮೊಳೆಯಿಂದ ಈರುಳ್ಳಿ ಜಡೆ ಇಳಿಸುವಾಗ.
ಏಳನೇ ವಯಸ್ಸಿಗೆ ಧರ್ಮತಂದೆ ಕಪಿತೋನ್ ಕೊಟ್ಟ ಚರ್ಮದ ಏಣಿ,
ಬೆರಳು ಹತ್ತುವಷ್ಟೇ ಮೆಟ್ಟಿಲು.
ಹನ್ನೆರಡು, ಶಿಷ್ಯರಿಗೆ.
ಮೂವತ್ತೆಂಟು, ತಾಯಿ ಹೊತ್ತ ವಾರಗಳಿಗೆ.
ಮೂವತ್ತಮೂರು, ಮಗ ನೆಲದ ಮೇಲೆ ನಡೆದ ವರ್ಷಗಳಿಗೆ.
ಮುಂದಿನದು ಯಾರಿಗೋ, ಮರೆತಿದ್ದೆ.

ಒರೆಸಿದರೂ ಹೋಗಲಿಲ್ಲ ಈರುಳ್ಳಿ ವಾಸನೆ.
ಮೊದಲ ದಿನ 'ಪ್ರಭುವೇ' ಅಂದೆ.
ಆಮೇಲೆ ಬಂದದ್ದು ಡೀಸೆಲ್ ದರ,
ಆಮೇಲೆ ಯೆವ್ಲಾಂಪಿಯಾಗೆ ವಾಪಸು ಕೊಡಬೇಕಿದ್ದ
ಮರದ ಏಣಿ.
ಎರಡನೇ ವಾರ 'ದೇವಕುಮಾರನೇ' ತನಕ ಹೋದೆ.
'ಪಾಪಿಯಾದ ನನ್ನನ್ನು'
ಅಲ್ಲಿಗೆ ತಲುಪುವಾಗ ಕ್ರಿಸ್ಮಸ್ ಕಳೆದಿತ್ತು.
ಹೋಗಿ ಬಾ ಅಂದ ಬಾಯಿಯಲ್ಲವೇ ಇದು.

ಜನವರಿಯಲ್ಲಿ ನಾಲ್ಕು ದಿನ ಜ್ವರ.
ಐದನೇ ದಿನ ಬಂದು ನೋಡಿದರೆ
ಮಂಜುಗಡ್ಡೆ ಮೊಣಕೈ ಉದ್ದ ದಪ್ಪವಾಗಿದೆ.
ಮನೆಯಲ್ಲಿ ಮೂಲೆಯೂ ಹಾಗೇ ಆಗಿತ್ತು.
ಎರಡನ್ನೂ ಬೆವರು ಹರಿಸಿಯೇ ಒಡೆದೆ,
ಅವತ್ತು ಮೀನು ಹಿಡಿಯಲು ಹೊತ್ತು ಉಳಿಯಲಿಲ್ಲ.

ಅವಳ ಮೆತ್ತೆಯಲ್ಲಿ ಎರಡು ತಗ್ಗು ಬಿದ್ದಿವೆ.
ನನ್ನ ಕೈ ದೊಡ್ಡವು, ಹಿಡಿಸುವುದಿಲ್ಲ.
ಅಂಚಿಗೆ ಊರಿ ಬಾಗುತ್ತೇನೆ, ಮಂಡಿ ಲಟಕ್ಕೆನ್ನುತ್ತದೆ.
ಆಮೇಲೆ ಹಾರೆ ಹೊತ್ತು ಇಲ್ಲಿಗೆ.

ನಂಬಿಕೆ ಬಂತೇ ಎಂದು ಕೇಳಬೇಡಿ.
ಕುಟ್ಟುತ್ತೇನೆ; ಚೂರುಗಳು ಮುಖಕ್ಕೆ ಹಾರುತ್ತವೆ;
ಯಾವುದೋ ಒಂದು ಏಟಿಗೆ ಸದ್ದು ಬದಲಾಗುತ್ತದೆ,
ಟೊಳ್ಳಾಗಿ, ಮೆತ್ತಗೆ,
ಕಪ್ಪು ನೀರು ಮೇಲೆ ಬಂದು ಉಸಿರಾಡುತ್ತದೆ.
ಅಷ್ಟೇ. ಕೆಲವು ದಿನ ಮೀನು. ಬಹಳ ದಿನ ಇಲ್ಲ.
ಬಗ್ಗಿ ಅದರೊಳಗೆ ತಮ್ಮನ ಹೆಸರು ಹೇಳುತ್ತೇನೆ,
ಜೋರಾಗಿ ಅಲ್ಲ.

ಹೊರಡುವಾಗ ಕಿಂಡಿಯ ಪಕ್ಕ
ಒಂದು ಫರ್ ಕೊಂಬೆ ನೆಡುತ್ತೇನೆ,
ಕತ್ತಲಲ್ಲಿ ಬರುವ ಯಾರೂ ಕಾಲಿಡದಿರಲಿ ಎಂದು,
ನಾಳೆ ನನಗೂ ಜಾಗ ಸಿಗಲಿ ಎಂದು.